ಗಂಟಿನ ಕಾಲುವೆ ಮುಚ್ಚುವ ಔಷಧ: ದೇವಣಗಾಂವಕ್ಕೆ ಬರೋದು ಯಾವಾಗ?

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವ ತಾಲೂಕಿಗೇ ಹೋಗಿರಿ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಅಂತ ಡಾಕ್ಟರು ಹೇಳಿದ ಕೂಡಲೇ ಜನ ಕೇಳುವ ಪ್ರಶ್ನೆ ಎರಡೇ. ಒಂದು, ಎಷ್ಟು ದಿವಸ? ಎರಡು, ಎಷ್ಟು ರೊಕ್ಕ? ಮೂರನೇ ಪ್ರಶ್ನೆಯೊಂದು ಇದೆ. ಅದನ್ನು ಕೇಳುವವರು ಕಡಿಮೆ. ಬರೆದುಕೊಟ್ಟ ಔಷಧ ಏನು ಮಾಡುತ್ತದೆ, ಏನು ಮಾಡುವುದಿಲ್ಲ? ಈ ಮೂರನೆಯದಕ್ಕೆ ಉತ್ತರ ಗೊತ್ತಾದರೆ ಮೊದಲಿನ ಎರಡಕ್ಕೂ ಅರ್ಧ ಉತ್ತರ ಸಿಕ್ಕಂತೆ.

ದೊಡ್ಡ ಊರಿನ ಕ್ಯಾನ್ಸರ್ ದವಾಖಾನೆಗಳ ಚೀಟಿಯಲ್ಲಿ ಈಗ ಒಂದು ಹೆಸರು ಕಾಣುತ್ತದೆ: ಬೆವಾಸಿಜುಮ್ಯಾಬ್. ನಾಲಿಗೆಗೆ ಒಗ್ಗದ ಹೆಸರು. ಊರಿಗೆ ಬರುವಷ್ಟರಲ್ಲಿ ಅದು ‘ಹೊಸಾ ಇಂಜೆಕ್ಷನ್’ ಆಗಿರುತ್ತದೆ. “ಗಂಟಿಗೆ ರಕ್ತ ಹೋಗೋದನ್ನ ಬಂದ್ ಮಾಡ್ತೈತಂತ, ಹಾಕಿಸಿದ್ರ ಆರಾಮ ಆಗ್ತಾರಂತ” ಎಂಬ ಮಾತು ಕಟ್ಟೆಯಿಂದ ಕಟ್ಟೆಗೆ ಹೋಗುತ್ತದೆ. ಮೊದಲಿನ ಅರ್ಧ ಮಾತು ಖರೆ. ಎರಡನೇ ಅರ್ಧಕ್ಕೆ ಹೊಲ ಮಾರುವ ಮೊದಲು ಸ್ವಲ್ಪ ಕುಳಿತು ವಿಚಾರ ಮಾಡಬೇಕು.

ನೀರಿಲ್ಲದೆ ಬೆಳೆಯಿಲ್ಲ

ಭೀಮಾ ದಂಡೆಯ ಕಬ್ಬಿನ ರೈತನಿಗೆ ಈ ಔಷಧದ ಗುಟ್ಟು ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಕಾಲುವೆ ಇಲ್ಲದ ಹೊಲದಲ್ಲಿ ಕಬ್ಬು ಏಳುವುದಿಲ್ಲ. ಕ್ಯಾನ್ಸರ್ ಗಂಟಿನ ಕಥೆಯೂ ಹಾಗೆಯೇ. ಕಾಳಿನಷ್ಟು ಇರುವ ತನಕ ಅದು ಹೇಗೋ ಬದುಕುತ್ತದೆ. ಅದಕ್ಕಿಂತ ದೊಡ್ಡದಾಗಬೇಕಾದರೆ ಅದಕ್ಕೆ ರಕ್ತ ಬೇಕು. ಆಗ ಗಂಟು ತಾನೇ ಒಂದು ರಾಸಾಯನಿಕ ಹೊರಡಿಸಿ, ಪಕ್ಕದ ರಕ್ತನಾಳಗಳಿಂದ ತನ್ನ ಕಡೆಗೆ ಹೊಸ ಕವಲು ಎಳೆದುಕೊಳ್ಳುತ್ತದೆ. ಮಂದಿ ಕಾಲುವೆಗೆ ಕಳ್ಳ ತೂಬು ಹಾಕಿದ ಹಾಗೆ.

ಈ ತೂಬು ಮುಚ್ಚಿದರೆ ಗಂಟು ಒಣಗಬೇಕಲ್ಲವೇ ಎಂದು 1971ರಲ್ಲಿ ಕೇಳಿದವರು ಅಮೇರಿಕದ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸರ್ಜನ್ ಜೂಡಾ ಫೋಕ್‌ಮನ್. ಬಹಳ ವರ್ಷ ಅವರ ಮಾತನ್ನು ಹೆಚ್ಚಿನವರು ನಂಬಲಿಲ್ಲ. 1989ರಲ್ಲಿ ನೆಪೋಲಿಯೋನ್ ಫೆರಾರಾ ಎಂಬ ವಿಜ್ಞಾನಿ ಆ ರಾಸಾಯನಿಕಗಳಲ್ಲಿ ಮುಖ್ಯವಾದದ್ದನ್ನು ಬೇರ್ಪಡಿಸಿ ತೋರಿಸಿದರು. ಅದಕ್ಕೆ ವಿಇಜಿಎಫ್ ಎಂದು ಹೆಸರು. ಅದನ್ನೇ ಹಿಡಿದು ಕಟ್ಟಿಹಾಕುವ ಔಷಧ ಬೆವಾಸಿಜುಮ್ಯಾಬ್. ಅಮೇರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2004ರ ಫೆಬ್ರುವರಿಯಲ್ಲಿ. ನಮ್ಮ ರಾಜ್ಯದ ಬಯೋಕಾನ್ ಕಂಪನಿ ಇದೇ ಔಷಧದ ತನ್ನ ಮಾದರಿಯನ್ನು 2017ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಹೈದರಾಬಾದಿನ ಹೆಟೆರೊ ಕಂಪನಿಯೂ ತಯಾರಿಸುತ್ತದೆ. ಅಂದಮೇಲೆ ಇದು ಸಪ್ತಸಾಗರದಾಚೆಯ ಸಂಗತಿಯಾಗಿ ಉಳಿದಿಲ್ಲ.

ನಡುವೆ ಒಂದು ಅತಿರೇಕವೂ ನಡೆಯಿತು. 1998ರಲ್ಲಿ ಇಂಥದೇ ಬೇರೆ ಔಷಧಗಳು ಇಲಿಗಳ ಗಂಟನ್ನು ಕರಗಿಸಿದವೆಂದು ಅಮೇರಿಕದ ದೊಡ್ಡ ಪತ್ರಿಕೆ ಮುಖಪುಟದಲ್ಲಿ ಬರೆಯಿತು. ಜಗತ್ತೆಲ್ಲ ಕ್ಯಾನ್ಸರ್ ಹೋಯಿತೆಂದು ಕುಣಿಯಿತು. ಮನುಷ್ಯರಿಗೆ ಕೊಟ್ಟಾಗ ಆ ಫಲ ಬರಲಿಲ್ಲ. ಇಲಿಗೆ ಆರಾಮಾದದ್ದೆಲ್ಲ ಮನುಷ್ಯನಿಗೆ ಆಗುವುದಿಲ್ಲ ಎಂಬ ಪಾಠವನ್ನು ಪತ್ರಿಕೆಗಳೂ ಕಲಿಯಬೇಕಾಯಿತು.

ಒಂಟಿ ಎತ್ತಿನ ಬೇಸಾಯ

ಬೆವಾಸಿಜುಮ್ಯಾಬ್ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿ ಇದು: ಹೆಚ್ಚಿನ ಕ್ಯಾನ್ಸರುಗಳಲ್ಲಿ ಇದು ಒಂಟಿಯಾಗಿ ದುಡಿಯುವ ಎತ್ತಲ್ಲ, ಜೋಡಿ ಬೇಕು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಇದನ್ನೊಂದನ್ನೇ ಕೊಟ್ಟ ರೋಗಿಗಳ ಗುಂಪಿಗೆ ಲಾಭ ಕಾಣದೆ ಆ ಗುಂಪಿನ ಪ್ರಯೋಗವನ್ನೇ ನಡುವೆ ನಿಲ್ಲಿಸಬೇಕಾಯಿತು. ಅದೇ ಔಷಧವನ್ನು ಕಿಮೋಥೆರಪಿಯ ಜೊತೆ ಹೂಡಿದಾಗ ಲೆಕ್ಕ ಬೇರೆಯಾಯಿತು. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕರುಳಿನ ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡಿದ್ದ 813 ರೋಗಿಗಳಿದ್ದರು. ಬರೀ ಕಿಮೋ ಪಡೆದವರ ಆಯುಷ್ಯದ ನಡುಮಟ್ಟ 15.6 ತಿಂಗಳು. ಜೊತೆಗೆ ಬೆವಾಸಿಜುಮ್ಯಾಬ್ ಪಡೆದವರದು 20.3 ತಿಂಗಳು.

ಜೋಡಿ ಯಾಕೆ ಬೇಕು? ಇದಕ್ಕೆ ಉತ್ತರ ಕೊಟ್ಟವರು ಭಾರತದವರೇ. ಉತ್ತರ ಪ್ರದೇಶದ ಲಲಿತಪುರದಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ, ಅಮೇರಿಕದ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾದ ರಾಕೇಶ್ ಜೈನ್. ಗಂಟು ಅವಸರದಲ್ಲಿ ತೋಡಿಕೊಂಡ ರಕ್ತನಾಳಗಳು ಸೊಟ್ಟಪಟ್ಟ, ಎಲ್ಲೆಂದರಲ್ಲಿ ಸೋರುವಂಥವು. ಸೋರಿದ ನೀರು ಸುತ್ತ ನಿಂತು ಒತ್ತಡ ಹಾಕುತ್ತದೆ. ಆದ್ದರಿಂದ ಕಿಮೋ ಔಷಧ ಗಂಟಿನ ಒಳಗೆ ಮುಟ್ಟುವುದೇ ಇಲ್ಲ. ಆಮ್ಲಜನಕವೂ ಮುಟ್ಟುವುದಿಲ್ಲ. ಆಮ್ಲಜನಕ ಇಲ್ಲದ ಕಡೆ ರೇಡಿಯೇಷನ್, ಅಂದರೆ ಜನ ‘ಕರೆಂಟ್ ಕೊಡೋದು’ ಅನ್ನುವ ಚಿಕಿತ್ಸೆ, ಸರಿಯಾಗಿ ಹತ್ತುವುದಿಲ್ಲ. ನಾಳ ತಡೆಯುವ ಔಷಧವನ್ನು ಹದವರಿತು ಕೊಟ್ಟರೆ ಸೊಟ್ಟ ಕಾಲುವೆಗಳು ಬೀಳುತ್ತವೆ, ಉಳಿದವು ಸ್ವಲ್ಪ ಕಾಲ ನೆಟ್ಟಗಾಗುತ್ತವೆ. ಆ ಸಂದಿನಲ್ಲಿ ಕಿಮೋ ಒಳಹೋಗಬಹುದು ಎಂದು ಅವರು 2001ರಲ್ಲಿ ವಾದಿಸಿದರು. ನೀರು ನಿಂತು ಜವಳು ಹಿಡಿದ ಹೊಲಕ್ಕೆ ಎಷ್ಟು ಗೊಬ್ಬರ ಚೆಲ್ಲಿದರೂ ವ್ಯರ್ಥ, ಮೊದಲು ಬಸಿಗಾಲುವೆ ತೆಗೆಯಬೇಕು ಎಂಬುದು ಇಲ್ಲಿಯ ರೈತನಿಗೆ ಹೇಳಿಕೊಡಬೇಕಾದ ಮಾತಲ್ಲ.

ಜೋಡಿ ಕಟ್ಟಿದಲ್ಲೆಲ್ಲ ಬೆಳೆ ಬಂದಿದೆ ಎಂದೇನೂ ಅಲ್ಲ. ಸ್ತನದ ಕ್ಯಾನ್ಸರಿಗೆ 2008ರಲ್ಲಿ ಅಮೇರಿಕ ಕೊಟ್ಟಿದ್ದ ಒಪ್ಪಿಗೆಯನ್ನು 2011ರ ನವೆಂಬರಿನಲ್ಲಿ ಅಲ್ಲಿಯ ಸರ್ಕಾರವೇ ವಾಪಸು ತೆಗೆದುಕೊಂಡಿತು. ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ, ತೊಂದರೆ ಮಾತ್ರ ಕಂಡಿತು ಎಂಬುದೇ ಕಾರಣ. ಮಿದುಳಿನ ಹೊಸ ಗಂಟುಗಳಿಗೆ ರೇಡಿಯೇಷನ್ ಮತ್ತು ಕಿಮೋ ಜೊತೆ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳು 2014ರಲ್ಲಿ ಪ್ರಕಟವಾದವು. ಎರಡರಲ್ಲೂ ಆಯುಷ್ಯ ಹೆಚ್ಚಲಿಲ್ಲ. ಇನ್ನೊಂದು ಕಡೆ, ಯಕೃತ್ತಿನ ಕ್ಯಾನ್ಸರಿನಲ್ಲಿ ದೇಹದ ಕಾವಲು ಪಡೆಯನ್ನು ಎಬ್ಬಿಸುವ ಅಟೆಜೊಲಿಜುಮ್ಯಾಬ್ ಎಂಬ ಔಷಧದ ಜೊತೆ ಹೂಡಿದಾಗ ಒಳ್ಳೆಯ ಫಲ ಬಂತು. 2020ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಒಂದು ವರ್ಷದ ಮೇಲೂ ಬದುಕಿದ್ದವರು ನೂರಕ್ಕೆ 67. ಹಳೆಯ ಔಷಧದ ಗುಂಪಿನಲ್ಲಿ 55. ಅಂದರೆ ಯಾವ ಹೊಲ, ಯಾವ ಜೋಡಿ ಎಂಬುದರ ಮೇಲೆ ಎಲ್ಲ ನಿಂತಿದೆ. ‘ಹೊಸಾ ಇಂಜೆಕ್ಷನ್’ ಎಂಬ ಒಂದೇ ಹೆಸರಿಂದ ಎಲ್ಲವನ್ನೂ ಅಳೆಯಲಾಗದು.

ನಮ್ಮ ಕಡೆಯ ಎರಡು ಬ್ಯಾನಿಗಳು

ಈ ಭಾಗದ ಮನೆಗಳಿಗೆ ಹೆಚ್ಚು ಸಂಬಂಧಪಟ್ಟ ಕ್ಯಾನ್ಸರುಗಳು ಎರಡು. ಹೆಣ್ಣುಮಕ್ಕಳ ಗರ್ಭಕೊರಳಿನದು ಒಂದು. ತಂಬಾಕು, ಗುಟ್ಕಾ, ಜರ್ದಾ ತಂದಿಡುವ ಬಾಯಿಯದು ಇನ್ನೊಂದು. ಎರಡರಲ್ಲೂ ಈ ಔಷಧದ ಲೆಕ್ಕ ಏನು?

ಗರ್ಭಕೊರಳಿನದು ಮುಂದುವರಿದು ಹರಡಿದಾಗ ಕಿಮೋ ಜೊತೆ ಬೆವಾಸಿಜುಮ್ಯಾಬ್ ಕೊಟ್ಟರೆ ಆಯುಷ್ಯದ ನಡುಮಟ್ಟ 13.3 ತಿಂಗಳಿಂದ 17 ತಿಂಗಳಿಗೆ ಏರಿತೆಂದು 2014ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಮೂರೂಮುಕ್ಕಾಲು ತಿಂಗಳು ಹೆಚ್ಚು. ಮಗಳ ಮದುವೆ ನೋಡಲು ಕಾಯುತ್ತಿರುವ ತಾಯಿಗೆ ಅದು ಸಣ್ಣದಲ್ಲ. ಆದರೆ ಅದು ಬ್ಯಾನಿ ಪೂರ್ತಿ ಹೋಗುವುದೂ ಅಲ್ಲ. ಮೊದಲು ಕರೆಂಟ್ ಕೊಡಿಸಿಕೊಂಡ ಕೆಲವರಿಗೆ ಒಳಗಿನ ಅಂಗಗಳ ನಡುವೆ ತೂತು ಬಿದ್ದು ಬಹಳ ಕಷ್ಟವಾದದ್ದೂ ಅದೇ ಪ್ರಯೋಗದಲ್ಲಿ ಕಂಡಿದೆ. ಹೊಲ ಮಾರುವ ಮೊದಲು ಈ ಮಾತೆಲ್ಲ ಮನೆಯವರ ಕಿವಿಗೆ ಬೀಳಬೇಕು.

ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ಇಟ್ಟು ನೋಡಬೇಕು. ಸೊಲ್ಲಾಪುರದ ಆಚೆ ಇರುವ, ಈಗ ಧಾರಾಶಿವ ಎಂದು ಕರೆಯುವ ಉಸ್ಮಾನಾಬಾದ ಜಿಲ್ಲೆಯ ಹಳ್ಳಿಗಳಲ್ಲಿ 1,31,746 ಹೆಣ್ಣುಮಕ್ಕಳ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮುಂಬಯಿಯ ಟಾಟಾ ಮತ್ತು ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಗಳು ಅದರಲ್ಲಿ ಕೂಡಿದ್ದವು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟಿದ್ದರಿಂದ ಗರ್ಭಕೊರಳಿನ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದೇ ಜೋಳದ ನೆಲ, ಅದೇ ಬಿಸಿಲು, ಅಂಥದೇ ಹಳ್ಳಿ. ಅಲ್ಲಿ ಆದದ್ದು ಇಲ್ಲಿ ಆಗದೇ?

ಇನ್ನು ಬಾಯಿಯ ಕ್ಯಾನ್ಸರ್. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ನಿಷೇಧ ಕಾಗದದ ಮೇಲಿದೆ, ಕೆಂಪು ಉಗುಳು ಬಸ್ ಸ್ಟ್ಯಾಂಡಿನ ಗೋಡೆ ಮೇಲಿದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ತಿರುಗಿ ಬಂದವರಿಗೆ, ಇಲ್ಲವೇ ಹರಡಿದವರಿಗೆ ಕಿಮೋ ಜೊತೆ ಬೆವಾಸಿಜುಮ್ಯಾಬ್ ಕೊಟ್ಟು ನೋಡಿದ ಅಮೇರಿಕದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಆಯುಷ್ಯ ಎದ್ದುಕಾಣುವಷ್ಟು ಹೆಚ್ಚಲಿಲ್ಲ. ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಆದ್ದರಿಂದ ಬಾಯಿಯ ಕ್ಯಾನ್ಸರಿಗೆ ಯಾರಾದರೂ ‘ದುಬಾರಿಯದು ಹಾಕಿಸ್ರಿ, ಖಾತ್ರಿ ಆರಾಮ’ ಅಂದರೆ, “ಯಾವ ಆಧಾರದ ಮ್ಯಾಲೆ ಹೇಳ್ತೀರಿ ಸಾಹೇಬ್ರ?” ಎಂದು ಕೇಳುವ ಹಕ್ಕು ರೋಗಿಗೆ ಇದೆ.

ಬಡವರ ಜೋಡೆತ್ತು

ಹಾಗಾದರೆ ಬಾಯಿಯ ಕ್ಯಾನ್ಸರಿನಲ್ಲಿ ನಾಳ ತಡೆಯುವ ದಾರಿಯೇ ಇಲ್ಲವೇ? ಇದೆ. ಅದು ಬಂದದ್ದು ಮುಂಬಯಿಯಿಂದ, ಎರಡು ಹಳೆಯ ಗುಳಿಗೆಗಳ ರೂಪದಲ್ಲಿ.

ಮೆಥೊಟ್ರೆಕ್ಸೇಟ್ ಬಹಳ ಹಳೆಯ ಕಿಮೋ ಔಷಧ, ಕೀಲುಬೇನೆಗೂ ಕೊಡುತ್ತಾರೆ. ಸೆಲೆಕಾಕ್ಸಿಬ್ ಮೊಣಕಾಲು ನೋವಿಗೆ ಕೊಡುವ ಗುಳಿಗೆ. ಕಿಮೋವನ್ನು ಒಮ್ಮೆಲೇ ದೊಡ್ಡ ಪ್ರಮಾಣದಲ್ಲಿ ಸುರಿಯುವ ಬದಲು, ಸಣ್ಣ ಪ್ರಮಾಣದಲ್ಲಿ ಬಿಡದೆ ಕೊಡುತ್ತಾ ಹೋದರೆ ಅದು ಗಂಟಿನ ಹೊಸ ರಕ್ತನಾಳಗಳ ಮೇಲೆ ಕೆಲಸ ಮಾಡುತ್ತದೆ ಎಂದು 2000ದಲ್ಲಿ ಫೋಕ್‌ಮನ್ ಅವರ ಗುಂಪು ಸೇರಿ ಇಬ್ಬರು ಮೂವರು ವಿಜ್ಞಾನಿಗಳು ತೋರಿಸಿದ್ದರು. ಸೆಲೆಕಾಕ್ಸಿಬ್ ಕೂಡ ಹೊಸ ನಾಳ ಹುಟ್ಟುವುದನ್ನು ಕುಗ್ಗಿಸುತ್ತದೆ. ಈ ಎರಡನ್ನೂ ಒಂದೇ ನೊಗಕ್ಕೆ ಹೂಡಿದವರು ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು. 2016ರಿಂದ 2020ರ ತನಕ, ಗುಣವಾಗುವ ಹಂತ ದಾಟಿದ 422 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಅರ್ಧ ಜನರಿಗೆ ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಸಲೈನ್. ಉಳಿದವರಿಗೆ ಮನೆಯಲ್ಲೇ ಗುಳಿಗೆ. ಸಲೈನಿನವರ ಆಯುಷ್ಯದ ನಡುಮಟ್ಟ 6.1 ತಿಂಗಳು, ಗುಳಿಗೆಯವರದು 7.5 ತಿಂಗಳು. ತೀವ್ರ ತೊಂದರೆ ಕಂಡದ್ದು ಸಲೈನಿನವರಲ್ಲಿ ನೂರಕ್ಕೆ 30 ಮಂದಿಗೆ, ಗುಳಿಗೆಯವರಲ್ಲಿ 19 ಮಂದಿಗೆ.

ಅಗ್ಗದ್ದು ತುಟ್ಟಿಯದಕ್ಕಿಂತ ಸರಸವಾಯಿತು! ಔಷಧದ ಲೋಕದಲ್ಲಿ ಇಂಥ ಸುದ್ದಿ ಅಪರೂಪ. ಇದಕ್ಕೆ ಡಂಗುರ ಸಾರುವವರಿಲ್ಲ, ಯಾಕೆಂದರೆ ಇದರಲ್ಲಿ ಯಾರಿಗೂ ಹೆಚ್ಚಿನ ಲಾಭವಿಲ್ಲ.

ಟಾಟಾದವರು ಅಲ್ಲಿಗೇ ನಿಲ್ಲಲಿಲ್ಲ. ಈ ಎರಡು ಗುಳಿಗೆಗೆ ಎರ್ಲೊಟಿನಿಬ್ ಎಂಬ ಮೂರನೇ ಗುಳಿಗೆ ಸೇರಿಸಿ, ಅದರ ಮೇಲೆ ದೇಹದ ಕಾವಲು ಪಡೆಯನ್ನು ಎಬ್ಬಿಸುವ ನಿವೊಲುಮ್ಯಾಬ್ ಇಂಜೆಕ್ಷನ್ನನ್ನು ಬರೇ 20 ಮಿಲಿಗ್ರಾಂ ಕೊಟ್ಟು ನೋಡಿದರು. ಪೂರ್ತಿ ಪ್ರಮಾಣಕ್ಕೆ ಹೋಲಿಸಿದರೆ ಇದು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. 151 ರೋಗಿಗಳ ಆ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಬರೀ ಗುಳಿಗೆಯವರಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 16. ಇಂಜೆಕ್ಷನ್ ಕೂಡಿದವರಲ್ಲಿ 43. ಜೋಡಿ ಕಟ್ಟುವ ಜಾಣತನ ಅಂದರೆ ಇದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದೆಲ್ಲ ಆಪರೇಷನ್, ಕರೆಂಟಿನಿಂದ ಗುಣವಾಗುವ ಹಂತ ದಾಟಿದವರಿಗೆ. ಬಾಯಲ್ಲಿ ಸಣ್ಣ ಹುಣ್ಣು ಇದ್ದಾಗಲೇ ಹೋದವರಿಗೆ ಆಪರೇಷನ್ನೇ ಮದ್ದು. ಗುಳಿಗೆ ಸಿಗುತ್ತದಲ್ಲ ಎಂದು ಕೈಬಿಟ್ಟರೆ ಕೈಯಾರೆ ಜೀವ ಕಳೆದುಕೊಂಡಂತೆ.

ದಾರಿ ಉದ್ದ, ನದಿ ಅಡ್ಡ

ಈಗ ಭೀಮಾ ದಂಡೆಗೆ ಬರೋಣ. ದೇವಣಗಾಂವದ ರೋಗಿಗೆ ಸೇತುವೆ ದಾಟಿದರೆ ಅಫಜಲಪುರ, ಅದರಾಚೆ ಕಲಬುರಗಿ. ಅಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆ ಇದೆ. ಈಚೆ ತಿರುಗಿದರೆ ಆಲಮೇಲ, ಸಿಂದಗಿ, ವಿಜಯಪುರ. ಇನ್ನೂ ಮೇಲಕ್ಕೆ ಸೊಲ್ಲಾಪುರ, ಬಾರ್ಶಿ. ಕೊನೆಗೆ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ, 1941ರಲ್ಲಿ ಶುರುವಾದ ಮುಂಬಯಿಯ ಟಾಟಾ. ಹೆಸರುಗಳ ಪಟ್ಟಿ ದೊಡ್ಡದೇ. ಆದರೆ ಮೂರು ವಾರಕ್ಕೊಮ್ಮೆ ರೋಗಿಯನ್ನೂ ಒಬ್ಬ ಜೊತೆಗಾರನನ್ನೂ ಬಸ್ಸಿಗೆ ಹತ್ತಿಸುವುದೆಂದರೆ ಇಬ್ಬರ ಕೂಲಿ ಹೋಯಿತು, ಟಿಕೀಟು ಹೋಯಿತು, ಊಟ ವಸತಿ ಹೋಯಿತು. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ, ಖರೆ. ಆದರೆ ಕೂಲಿ ತಪ್ಪಿದ ಲೆಕ್ಕ ಆ ಕಾರ್ಡಿನಲ್ಲಿ ಇಲ್ಲ. ಸುಗ್ಗಿಯಲ್ಲಿ ತೊಗರಿ ರಾಶಿ ಬಿಟ್ಟು ಹೋಗುವವರು ಯಾರು? 2020ರ ಅಕ್ಟೋಬರಿನಂತೆ ಭೀಮೆ ಉಕ್ಕಿ ರಸ್ತೆಗೆ ಬಂದರೆ, ಕಿಮೋ ತಾರೀಖನ್ನು ಹೊಳೆಗೆ ಹೇಳಿ ಮುಂದೂಡಿಸಲು ಆಗುತ್ತದೆಯೇ?

ಹೀಗೆ ಒಂದು ಸಲ ತಪ್ಪಿ, ಎರಡು ಸಲ ತಪ್ಪಿ, ಕೊನೆಗೆ ರೋಗಿ ಹೋಗುವುದನ್ನೇ ಬಿಡುತ್ತಾನೆ. ದವಾಖಾನೆಯ ಪುಸ್ತಕದಲ್ಲಿ ‘ಬರಲಿಲ್ಲ’ ಎಂದು ಬರೆಯುತ್ತಾರೆ. ಬರಲಿಲ್ಲವೋ, ಬರಲಾಗಲಿಲ್ಲವೋ?

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತಿನ ಕಿಮೋಥೆರಪಿ ಕೇಂದ್ರಗಳನ್ನು ಶುರು ಮಾಡಿತು. ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲೂ ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೆ ಇಂಥ ಕೇಂದ್ರ ಎಂಬ ಮಾತು ಬಂತು. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ಜಿಲ್ಲಾ ಕೇಂದ್ರದಲ್ಲಿ ನಿಂತ ಕಾಲುವೆ ಕೊನೆಯ ಹೊಲಕ್ಕೆ ನೀರು ಕೊಟ್ಟಂತಲ್ಲ. ಕಾಲುವೆಯ ತುದಿಯ ರೈತನ ಗೋಳು ಏನೆಂಬುದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ.

ಆಗಬೇಕಾದ್ದು ಇಷ್ಟೇ

ಮೊದಲನೆಯದು, ದೊಡ್ಡ ದವಾಖಾನೆಯ ತಜ್ಞರು ಗುಳಿಗೆ ಬರೆದುಕೊಟ್ಟ ಮೇಲೆ, ಅದು ಸಿಂದಗಿಯ ತಾಲೂಕು ಆಸ್ಪತ್ರೆಯಲ್ಲಿ ತಿಂಗಳಿಗೆ ಸಾಕಾಗುವಷ್ಟು ಪುಕ್ಕಟೆ ಸಿಗಬೇಕು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗೂ ಇದೇ ಮಾತು. ಹಳೆಯ ಅಗ್ಗದ ಗುಳಿಗೆ ಇಡಲು ಖಜಾನೆ ಬರಿದಾಗುವುದಿಲ್ಲ.

ಎರಡನೆಯದು, ತಪಾಸಣೆ. ಬೆವಾಸಿಜುಮ್ಯಾಬ್ ಪಡೆಯುವವರಿಗೆ ಬಿಪಿ ಏರಬಹುದು, ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು, ಗಾಯ ಬೇಗ ಮಾಯುವುದಿಲ್ಲ. ದೊಡ್ಡ ಆಪರೇಷನ್ ಆಗಿ ಕನಿಷ್ಠ 28 ದಿವಸ ಆಗದೆ ಇದನ್ನು ಕೊಡಬಾರದು. ಬಿಪಿ ನೋಡುವುದು, ಮೂತ್ರದಲ್ಲಿ ಕಡ್ಡಿ ಅದ್ದಿ ನೋಡುವುದು ದೇವಣಗಾಂವದ ಸುತ್ತಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಆಗುವ ಕೆಲಸ. ಅದಕ್ಕಾಗಿ ಬೆಂಗಳೂರಿಗೆ ಯಾಕೆ ಓಡಬೇಕು? ವಾಂತಿಯಲ್ಲಿ, ಕಫದಲ್ಲಿ ರಕ್ತ ಕಂಡರೆ, ಹೊಟ್ಟೆಯಲ್ಲಿ ಏಕಾಏಕಿ ಕಡುನೋವು ಬಂದರೆ ಮಾತ್ರ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ಅಲ್ಲಿಯ ಸಿಬ್ಬಂದಿಗೆ ತರಬೇತಿ ಕೊಡಬೇಕು.

ಮೂರನೆಯದು, ಕನ್ನಡದಲ್ಲಿ ಒಂದು ಕಾರ್ಡು. ಔಷಧದ ಹೆಸರು, ಯಾವ ದಿವಸ ತೆಗೆದುಕೊಳ್ಳಬೇಕು, ಚಿಕಿತ್ಸೆಯ ಉದ್ದೇಶ ಗುಣವೋ ಅಥವಾ ನೋವು ಕಡಿಮೆ ಮಾಡಿ ದಿನ ಹೆಚ್ಚಿಸುವುದೋ ಎಂದು ಬರೆದಿರಬೇಕು. ಇದು ಶೋಕಿಯ ಮಾತಲ್ಲ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಗುಳಿಗೆ. ಇಂಗ್ಲಿಷ್ ಚೀಟಿ ಓದಲು ಬಾರದೆ ದಿನಾ ನುಂಗಿದರೆ ಅದು ಜೀವಕ್ಕೇ ಎರವು. ‘ಸೋಮವಾರ ಮಾತ್ರ’ ಎಂಬ ಎರಡು ಕನ್ನಡ ಶಬ್ದ ಒಂದು ಜೀವ ಉಳಿಸಬಲ್ಲದು.

“ತಜ್ಞರಿಲ್ಲದ ಕಡೆ ಕ್ಯಾನ್ಸರ್ ಗುಳಿಗೆ ಹಂಚಿದರೆ ಅನಾಹುತ ಆಗ್ತೈತಿ” ಎಂದು ಕೆಲವು ವೈದ್ಯರು ಹೇಳಬಹುದು. ಅದು ತೆಗೆದುಹಾಕುವ ಮಾತಲ್ಲ. ಶುರು ಮಾಡುವುದು, ಬದಲಿಸುವುದು, ನಿಲ್ಲಿಸುವುದು ತಜ್ಞರ ಕೈಯಲ್ಲೇ ಇರಲಿ. ಹಂಚುವುದು, ಕಾಯುವುದು, ರಕ್ತ ಪರೀಕ್ಷೆ ಮಾಡಿ ಫೋನಿನಲ್ಲಿ ತಿಳಿಸುವುದು ಹತ್ತಿರದವರ ಕೈಯಲ್ಲಿರಲಿ. ಕ್ಷಯರೋಗದಲ್ಲಿ ಇದೇ ದೇಶ ಇದನ್ನೇ ಮಾಡಲಿಲ್ಲವೇ? ಕ್ಷಯಕ್ಕೂ ಒಂಟಿ ಔಷಧ ಸಾಲದು, ನಾಲ್ಕು ಔಷಧ ಕೂಡಬೇಕು. 1997ರಿಂದ ಆ ಗುಳಿಗೆಗಳನ್ನು ಹಳ್ಳಿಯಲ್ಲೇ ಕಣ್ಣೆದುರಿಗೆ ನುಂಗಿಸುವ ಏರ್ಪಾಡು ಬಂತು. ಅಂದು ಕೂಡ ‘ಹಳ್ಳಿಯಲ್ಲಿ ಆಗದ ಮಾತು’ ಅಂದವರು ಇದ್ದರು. ಆಯಿತು.

ಇನ್ನು ಮನೆಯವರು ಮಾಡಬೇಕಾದ್ದೂ ಇದೆ. ಡಾಕ್ಟರ ಎದುರು ಕೈಕಟ್ಟಿ ನಿಂತು ‘ನೀವ ನಮ್ಮ ದೇವ್ರು’ ಅನ್ನುವುದರ ಜೊತೆಗೆ ನಾಲ್ಕು ಮಾತು ಕೇಳಬೇಕು. ಇದು ಗುಣವಾಗಲೆಂದು ಕೊಡುವುದೋ, ದಿನ ಹೆಚ್ಚಲೆಂದೋ? ಯಾವುದರ ಜೊತೆ ಕೂಡಿಸಿ ಕೊಡುತ್ತೀರಿ? ಇದೇ ಬ್ಯಾನಿಯಲ್ಲಿ ಈ ಜೋಡಿಯಿಂದ ಲಾಭ ಆದದ್ದು ಗೊತ್ತಿದೆಯೇ? ಅಗ್ಗದ ದಾರಿ ಬೇರೆ ಇದೆಯೇ? ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ತಪ್ಪಲ್ಲ.

ಗಂಟಿನ ಕಾಲುವೆ ಮುಚ್ಚಲು ವಿಜ್ಞಾನಕ್ಕೆ ಮೂವತ್ತು ವರ್ಷದ ಮೇಲೆ ಬೇಕಾಯಿತು. ಅದನ್ನು ಬಡವನ ಕೈಗೆಟುಕುವ ಗುಳಿಗೆ ಮಾಡಿ ತೋರಿಸಿದ್ದು ಈ ದೇಶದ್ದೇ ಆಸ್ಪತ್ರೆ. ಇನ್ನು ಉಳಿದದ್ದು ಸಿಂದಗಿಯಿಂದ ದೇವಣಗಾಂವದ ತನಕದ ದಾರಿ. ಅದಕ್ಕೆ ವಿಜ್ಞಾನಿ ಬೇಕಿಲ್ಲ. ಒಂದು ಆದೇಶ, ಒಂದು ಕಪಾಟು ಗುಳಿಗೆ, ಒಬ್ಬ ನರ್ಸು ಸಾಕು. ಜಿಲ್ಲಾ ಆರೋಗ್ಯಾಧಿಕಾರಿಗಳು, ನಾಲ್ಕೂ ತಾಲೂಕಿನ ಶಾಸಕರು ಮುಂದಿನ ಸಭೆಯಲ್ಲಾದರೂ ಈ ವಿಷಯ ಎತ್ತುವರೇ? ಭೀಮಾ ದಂಡೆಯ ಮಂದಿ ಕಾಯುತ್ತಿದ್ದಾರೆ. ಕೆಲವರಿಗೆ ಕಾಯಲು ಹೆಚ್ಚು ದಿವಸವಿಲ್ಲ.